ವಿದ್ಯಾರ್ಥಿ ಸಾಲ ಮತ್ತು ಜಾಮೀನಿನ ಪ್ರಶ್ನೆ

ಬಡ ವಿದ್ಯಾರ್ಥಿಗೆ ನೆರವಾಗುವುದು ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದ ಧರ್ಮ. ವಾರಾನ್ನ, ಮಠಗಳ ದಾಸೋಹ, ಉಚಿತ ವಿದ್ಯಾರ್ಥಿನಿಲಯ ಇವು ಅದರ ವಿವಿಧ ರೂಪಗಳು. ಇವುಗಳಿಂದ ಉಪಕಾರಸ್ಮರಣೆಯ ಹೊಣೆ ಉಂಟಾಗುತ್ತಿತ್ತೇ ಹೊರತು ಪತ್ರದ ಮೇಲಿನ ಋಣ ಉಂಟಾಗುತ್ತಿರಲಿಲ್ಲ. ಸಾಲವಾದರೋ ಬೇರೆಯ ಬಗೆಯದು. ಸಾಲಕ್ಕೆ ಆಧಾರ ಬೇಕು. ವಿದ್ಯಾರ್ಥಿಯಲ್ಲಿರುವುದು ಮುಂದಿನ ದುಡಿಮೆಯ ಭರವಸೆಯೊಂದೇ. ಈ ಭರವಸೆಯನ್ನು ಸಾಲ ಕೊಡುವವರು ಯಾವ ಕಾಲದಲ್ಲಿ ಎಷ್ಟರಮಟ್ಟಿಗೆ ಆಧಾರವೆಂದು ಒಪ್ಪಿದರೆಂಬುದನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಭಾರತದಲ್ಲಿ ಈ ಬಗೆಯ ಸಾಲದ ಪ್ರಸಿದ್ಧವಾದ ಆದಿಯ ಉದಾಹರಣೆ, ಜಮ್‌ಶೇಟ್‌ಜಿ ಟಾಟಾ ಅವರು 1892ರಲ್ಲಿ ಸ್ಥಾಪಿಸಿದ ದತ್ತಿ. ಹೊರದೇಶಗಳಲ್ಲಿ ಉನ್ನತ ವ್ಯಾಸಂಗ ಮಾಡುವವರಿಗೆ ಅದು ಸಾಲರೂಪದ ವಿದ್ಯಾರ್ಥಿವೇತನ ಕೊಟ್ಟಿತು. ಅಲ್ಲಿ ಯೋಗ್ಯತೆಗೆ ಬೆಲೆಯಿತ್ತು. ಆದರೆ ಆಯ್ಕೆಯಾಗುತ್ತಿದ್ದವರು ಕೆಲವರೇ.

ಸರ್ಕಾರವು ಈ ಕ್ಷೇತ್ರಕ್ಕೆ ವಿಸ್ತಾರವಾಗಿ ಕಾಲಿಟ್ಟದ್ದು 1963ರಲ್ಲಿ. ಆ ವರ್ಷ ಕೇಂದ್ರ ಸರ್ಕಾರವು ಆರಂಭಿಸಿದ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನ ಯೋಜನೆಯಲ್ಲಿ ಬಡ್ಡಿ ಇರಲಿಲ್ಲ. ಸಾಲ ಪಡೆದವನು ಅಧ್ಯಾಪಕವೃತ್ತಿಗೆ ಸೇರಿದರೆ ಪ್ರತಿಯೊಂದು ವರ್ಷದ ಸೇವೆಗೂ ಸಾಲದ ಹತ್ತನೆಯ ಒಂದು ಭಾಗ ಮನ್ನಾ ಆಗುತ್ತಿತ್ತು. ಉದಾರವಾದ ಈ ಯೋಜನೆಯ ದೌರ್ಬಲ್ಯ ವಸೂಲಾತಿಯಲ್ಲಿತ್ತು. ಕೊಟ್ಟ ಹಣದ ಬಹುಭಾಗ ಸಕಾಲಕ್ಕೆ ಹಿಂತಿರುಗಲಿಲ್ಲ.

1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕೃತವಾದವು. ದಕ್ಷಿಣ ಕನ್ನಡದ ನೆಲದಲ್ಲಿ ಹುಟ್ಟಿದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳೂ ಅವುಗಳಲ್ಲಿ ಸೇರಿದ್ದುವು. ಆದರೂ ಎಲ್ಲ ಬ್ಯಾಂಕುಗಳಿಗೂ ಅನ್ವಯಿಸುವಂತಹ ಮಾದರಿ ಯೋಜನೆ ಬಂದದ್ದು 2001ರಲ್ಲಿ. ಕೆನರಾ ಬ್ಯಾಂಕಿನ ಅಂದಿನ ಅಧ್ಯಕ್ಷರಾಗಿದ್ದ ಆರ್. ಜೆ. ಕಾಮತ್ ಅವರ ನೇತೃತ್ವದ ಅಧ್ಯಯನ ತಂಡದ ಶಿಫಾರಸುಗಳೇ ಅದಕ್ಕೆ ತಳಹದಿ. 4 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಅಡಮಾನ ಬೇಡವೆಂದು ಅದು ವಿಧಿಸಿತು. ಮುಂದೆ ಪರಿಷ್ಕೃತವಾದ ನಿಯಮದಂತೆ 7.5 ಲಕ್ಷದವರೆಗೆ ಮೂರನೆಯವರ ಜಾಮೀನು, ಅದನ್ನು ಮೀರಿದರೆ ಆಸ್ತಿಯ ಆಧಾರ ಅಗತ್ಯವಾಯಿತು. ಗೇಣಿದಾರನ ಮಗನಿಗೆ ಆಸ್ತಿಯೂ ಇಲ್ಲ, ಜಾಮೀನು ನಿಲ್ಲಬಲ್ಲ ಬಂಧುವೂ ಇಲ್ಲ. ಸಾಲದ ಅಗತ್ಯ ಹೆಚ್ಚಾಗಿದ್ದವನಿಗೇ ಸಾಲದ ಬಾಗಿಲು ಕಿರಿದಾಯಿತು.

ನಿಯಮಕ್ಕೂ ಆಚರಣೆಗೂ ಇರುವ ಅಂತರ ಮತ್ತೊಂದು ತೊಡಕು. ವಿದ್ಯಾರ್ಥಿಯ ಮನೆ ತಮ್ಮ ಸೇವಾಕ್ಷೇತ್ರದಲ್ಲಿಲ್ಲವೆಂಬ ಕಾರಣದಿಂದ ಶಾಖೆಗಳು ಅರ್ಜಿಗಳನ್ನು ತಿರಸ್ಕರಿಸುತ್ತಿದ್ದುವು. ಹಾಗೆ ಮಾಡಕೂಡದೆಂದು ರಿಸರ್ವ್ ಬ್ಯಾಂಕು 2012ರಲ್ಲಿ ತಿಳಿಸಬೇಕಾಯಿತು. ಸಾಲಾರ್ಹತೆಯ ಅಂಕ ಕಡಿಮೆಯೆಂಬ ಮಾತ್ರಕ್ಕೆ ವಿದ್ಯಾರ್ಥಿಯ ಅರ್ಜಿಯನ್ನು ತಳ್ಳಿಹಾಕಲಾಗದೆಂದು ಕೇರಳದ ಉಚ್ಚ ನ್ಯಾಯಾಲಯವು 2023ರಲ್ಲಿ ತೀರ್ಪಿತ್ತಿತು. ಪ್ರವೇಶಶುಲ್ಕದ ಕೊನೆಯ ದಿನ ಸಾಲದ ಮಂಜೂರಾತಿಗಾಗಿ ಕಾಯುವುದಿಲ್ಲ. ಆದಕಾರಣ ಇಂತಹ ಪ್ರಕರಣಗಳಲ್ಲಿ ವಿಳಂಬವೇ ನಿರಾಕರಣೆಗೆ ಸಮಾನವಾಗುತ್ತದೆ.

ಪರಿಹಾರದ ಪ್ರಯತ್ನಗಳು ನಡೆದಿಲ್ಲವೆಂದಲ್ಲ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿಗಳನ್ನು ಮೀರದವರಿಗೆ ವ್ಯಾಸಂಗದ ಅವಧಿಯ ಬಡ್ಡಿಯನ್ನು ಸರ್ಕಾರವೇ ಭರಿಸುವ ಯೋಜನೆ 2009ರಲ್ಲಿ ಬಂದಿತು. 2015ರಲ್ಲಿ ಸ್ಥಾಪಿತವಾದ ಖಾತರಿ ನಿಧಿಯು, 7.5 ಲಕ್ಷದವರೆಗೆ ಅಡಮಾನವಿಲ್ಲದೆ ಕೊಟ್ಟ ಸಾಲ ಮುಳುಗಿದಲ್ಲಿ ಶೇಕಡ 75 ಭಾಗದ ಹೊಣೆ ಹೊತ್ತಿತು. 2024ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವು ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಅಡಮಾನವನ್ನೂ ಜಾಮೀನುದಾರನನ್ನೂ ಕೈಬಿಡಲಾಯಿತು. ಆದರೆ ಅದು ರಾಷ್ಟ್ರೀಯ ಶ್ರೇಯಾಂಕ ಮುಂತಾದ ಮಾನದಂಡಗಳಿಂದ ಆಯ್ದ ಸುಮಾರು 860 ಸಂಸ್ಥೆಗಳ ವಿದ್ಯಾರ್ಥಿಗಳಿಗೆಂದು ರೂಪುಗೊಂಡಿತು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಜಾಮೀನು ಮಾಯವಾಗಲಿಲ್ಲ, ಅದರ ಸ್ಥಾನ ಬದಲಾಯಿತು. ಹಿಂದೆ ತಂದೆಯ ಹೊಲ ಜಾಮೀನಾಗಿತ್ತು. ಈಗ ಕಾಲೇಜಿನ ಶ್ರೇಯಾಂಕ ಜಾಮೀನಾಗಿದೆ. ಹೊಲವಿಲ್ಲದವನು ಪ್ರತಿಭೆಯಿಂದ ಶ್ರೇಷ್ಠ ಸಂಸ್ಥೆಯನ್ನು ಸೇರಬಹುದೆಂಬಷ್ಟರಮಟ್ಟಿಗೆ ಇದು ಮುನ್ನಡೆಯೇ ಸರಿ. ಆದರೆ ತಾಲ್ಲೂಕು ಕೇಂದ್ರದ ಸಾಮಾನ್ಯ ಕಾಲೇಜಿನಲ್ಲಿ ಓದುವವನಿಗೆ ಈ ಬಾಗಿಲು ತೆರೆಯುವುದಿಲ್ಲ. ಅವನು ಹಳೆಯ ನಿಯಮಗಳನ್ನೇ ಆಶ್ರಯಿಸಬೇಕು. ನಮ್ಮ ಕಾಲೇಜುಗಳಲ್ಲಿ ಬಹುಪಾಲು ಈ ವರ್ಗದವೇ ಆಗಿರುವುದರಿಂದ, ಮುಂದಿನ ಯೋಜನೆ ಯಾವುದೇ ಬರಲಿ, ಅದು ಇಂತಹ ವಿದ್ಯಾರ್ಥಿಯ ಭರವಸೆಯನ್ನು ಎಷ್ಟರಮಟ್ಟಿಗೆ ಆಧಾರವೆಂದು ಒಪ್ಪಿತೆಂಬುದೇ ಅದರ ನಿಜವಾದ ಅಳತೆಗೋಲಾಗತಕ್ಕದ್ದು.