ಮೇಲಿನಿಂದ ಕಂಡ ನಾಗರಖಂಡ

ಶಿಕಾರಿಪುರ, ಸೊರಬ ಸೀಮೆಯ ಶಾಸನಗಳನ್ನು ಮೂವತ್ತು ವರ್ಷ ಪಾಠ ಹೇಳಿದವನು ನಾನು. ಅಷ್ಟು ಕಾಲವೂ ಒಂದು ತಪ್ಪನ್ನು ತಪ್ಪದೆ ಮಾಡುತ್ತ ಬಂದೆ. ದಾನಶಾಸನಗಳಲ್ಲಿ ಅರಸನ ಪ್ರಶಸ್ತಿ ಮುಗಿದ ಮೇಲೆ, ಶಾಪವಾಕ್ಯ ಬರುವ ಮೊದಲು, ದತ್ತಿಭೂಮಿಯ ಎಲ್ಲೆಗಳು ಬರುತ್ತವೆ: ಮೂಡಲು ಇಂಥ ಕೆರೆಯ ಏರಿ, ತೆಂಕಲು ನಟ್ಟ ಕಲ್ಲು, ಪಡುವಲು ಹಳ್ಳ. ‘ಇದು ಪರೀಕ್ಷೆಗೆ ಬಾರದು’ ಎಂದು ಪುಟ ಮಗುಚುತ್ತಿದ್ದೆ. ಹಾಗೆ ಬಿಟ್ಟ ಭಾಗವನ್ನು ಕಡೆಗೂ ನನಗೆ ಓದಿಸಿದವನು ಡ್ರೋನ್ ಹಾರಿಸುವ ಒಬ್ಬ ಹುಡುಗ.

ಆತ ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮಗ. ವಾರವೆಲ್ಲ ಬೆಂಗಳೂರಿನಲ್ಲಿ ಉದ್ಯೋಗ. ರಜೆ ಸಿಕ್ಕಿತೆಂದರೆ ಹೆಗಲಿಗೆ ಚೀಲವೇರಿಸಿ ಊರೂರು ಅಲೆದು ಆಕಾಶದಿಂದ ನೆಲದ ಚಿತ್ರ ತೆಗೆಯುವ ಹುಚ್ಚು. ಹೋದ ಕಾರ್ತಿಕದಲ್ಲಿ ನನ್ನನ್ನೂ ಜೊತೆಗೆ ಕರೆದ. ತಾಳಗುಂದದಿಂದ ಆರಂಭಿಸೋಣವೆಂದೆ. ಐದನೆಯ ಶತಮಾನದ ಅಲ್ಲಿನ ಸ್ತಂಭಶಾಸನವನ್ನು ಮಯೂರಶರ್ಮನ ಕಥೆಗಾಗಿ ಎಲ್ಲರೂ ನೆನೆಯುತ್ತಾರೆ. ಕುಬ್ಜಕವಿ ಅದನ್ನು ರಚಿಸಿದ್ದು ಕಾಕುತ್ಸ್ಥವರ್ಮ ಕಟ್ಟಿಸಿದ ಕೆರೆಯ ನಿಮಿತ್ತ. ಆ ಸ್ಥಳವನ್ನು ಹಕ್ಕಿಯಂತೆ ನೋಡಬೇಕೆಂಬ ಆಸೆ ನನ್ನದು. ಹುಡುಗ ಒಪ್ಪಲಿಲ್ಲ. ಸಂರಕ್ಷಿತ ಸ್ಮಾರಕದ ಮೇಲೆ ಪುರಾತತ್ತ್ವ ಇಲಾಖೆಯ ಅನುಮತಿಯಿಲ್ಲದೆ ಹಾರಿಸುವಂತಿಲ್ಲ, ಗುಡವಿ ಪಕ್ಷಿಧಾಮದಲ್ಲೂ ಹಾಗೆಯೇ ಹಾರಿಸಲಾಗದು, 2021ರ ನಿಯಮಗಳಂತೆ ಹಸಿರು ವಲಯದಲ್ಲಿಯೂ 400 ಅಡಿಯೇ ಮಿತಿ ಎಂದ. ಹುಚ್ಚು ಹಿಡಿದವರಲ್ಲಿ ಇಷ್ಟು ವಿವೇಕವನ್ನು ನಾನು ಎಣಿಸಿರಲಿಲ್ಲ.

ಹೀಗಾಗಿ ಆನವಟ್ಟಿಯ ಆಚೆಗೆ, ಗುಡಿಯೂ ಇಲ್ಲದ ಶಾಸನವೂ ಇಲ್ಲದ ಬರಿಯ ಗದ್ದೆಬಯಲಿಗೆ ಹೋದೆವು. ಮಂಜು ಕರಗುವವರೆಗೆ ಕಾದೆವು. ಬಿಸಿಲು ಓರೆಯಾಗಿ ಬೀಳುವಾಗಲೇ ಚಿತ್ರ ತೆಗೆಯಬೇಕಂತೆ; ಮೊಳದೆತ್ತರದ ಉಬ್ಬೂ ಆಗ ನೆರಳು ಚೆಲ್ಲಿ ತನ್ನ ಗುರುತು ಹೇಳುತ್ತದೆ. 1906ರಲ್ಲಿ ಇಂಗ್ಲೆಂಡಿನ ಸೈನ್ಯಾಧಿಕಾರಿಯೊಬ್ಬ ಬಲೂನಿನಿಂದ ಸ್ಟೋನ್‌ಹೆಂಜ್ ಶಿಲಾವೃತ್ತದ ಚಿತ್ರ ತೆಗೆದಂದಿನಿಂದ ಪುರಾತತ್ತ್ವಜ್ಞರು ಕಲಿತುಕೊಂಡು ಬಂದ ವಿದ್ಯೆ ಇದು.

ಕೈಯಲ್ಲಿದ್ದ ಪುಟ್ಟ ತೆರೆಯ ಮೇಲೆ ನಾನು ಕಂಡದ್ದನ್ನು ಹೇಗೆ ಹೇಳಲಿ? ದಿಬ್ಬಗಳ ನಡುವಿನ ಇಳಿಜಾರಿನಲ್ಲಿ ಕೆರೆಯ ಕೆಳಗೆ ಕೆರೆ. ಒಂದರ ಕೋಡಿ ಹರಿದರೆ ಇನ್ನೊಂದರ ಒಡಲು ತುಂಬುತ್ತದೆ. ನಡುವೆ ಅಚ್ಚುಕಟ್ಟಿನ ಗದ್ದೆಗಳು. ಏರಿಯ ಮೇಲೆ ನಿಂತವನಿಗೆ ಒಂದೇ ಕೆರೆ ಕಾಣುತ್ತದೆ, ಸರಪಳಿ ಕಾಣುವುದಿಲ್ಲ. ಮೂಡಲು ಏರಿ, ಪಡುವಲು ಹಳ್ಳ ಎಂದು ಬರೆದ ಶಾಸನದ ಕರಣಿಕ ಆ ಸರಪಳಿಯನ್ನು ಕಾಲ್ನಡಿಗೆಯಲ್ಲಿ ಅರಿತಿದ್ದ.

ಅಷ್ಟರಲ್ಲಿ ಗದ್ದೆಯ ಯಜಮಾನರೊಬ್ಬರು ಬಂದರು. ಎಂಬತ್ತರ ಮೇಲಿನ ಪ್ರಾಯ. ತೆರೆಯನ್ನು ತಲೆಕೆಳಗಾಗಿ ಹಿಡಿದು ನೋಡಿದರು, ಏನೂ ತಿಳಿಯಲಿಲ್ಲ. ಹುಡುಗ ತಿರುಗಿಸಿಕೊಟ್ಟ. “ಇದು ನಮ್ಮ ಹಿರೇಕೆರೆ ಕೋಡಿ ಅಲ್ಲೇನ್ರಿ ಮೇಷ್ಟ್ರೇ?” ಎಂದರು. ಆಮೇಲೆ ಬೆರಳು ನಿಲ್ಲಲಿಲ್ಲ. ನೀರು ಹರಿಯುವ ಕ್ರಮದಲ್ಲೇ ಗೌಡನಕೆರೆ, ಅಗಸನಕಟ್ಟೆ, ಹೊಸಕೆರೆ ಎಂದು ಹೇಳುತ್ತ ಹೋದರು. ಅಡಿಕೆ ತೋಟದ ನಡುವೆ ಬಿಲ್ಲಿನಂತೆ ಬಾಗಿದ ಒಂದು ನೆರಳು ಕಾಣುತ್ತಿತ್ತು. ಅಲ್ಲಿ ಬೆರಳು ತಡೆಯಿತು. “ಇದು ಜೋಗಿಕಟ್ಟೆ. ಒಡೆದು ಹೋಗಿ ನಮ್ಮಪ್ಪನ ಕಾಲ ಆತು.” ಪಕ್ಕದಲ್ಲಿದ್ದ ಅವರ ಮಗ ಆ ತೋಟದಲ್ಲೇ ಬೆಳೆದವನು, ಆ ಹೆಸರನ್ನು ಅಂದೇ ಮೊದಲು ಕೇಳಿದ.

ಊರಿಗೆ ಮರಳಿದವನು ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ಮತ್ತೆ ತೆರೆದೆ. ರೈಸ್ ಅವರು ಶಿಕಾರಿಪುರದ ಶಾಸನಗಳನ್ನು 1902ರಲ್ಲಿ, ಸೊರಬದವನ್ನು 1904ರಲ್ಲಿ ಅಚ್ಚು ಹಾಕಿಸಿದರು. ಈ ಸಲ ಪ್ರಶಸ್ತಿಗಳನ್ನು ಬಿಟ್ಟು ಎಲ್ಲೆಗಳನ್ನಷ್ಟೇ ಓದಿದೆ. ಬಳ್ಳಿಗಾವಿಯಲ್ಲಿ ನೆಲವನ್ನಳೆಯಲು ‘ಭೇರುಂಡ ಗಳೆ’ ಎಂಬ ಕೋಲಿತ್ತು; 1047ರಲ್ಲಿ ಚಾವುಂಡರಾಯರಸ ಅಲ್ಲಿ ನಿಲ್ಲಿಸಿದ ಗಂಡಭೇರುಂಡ ಸ್ತಂಭವನ್ನು ಬಲ್ಲವರಿಗೆ ಆ ಹೆಸರು ಹೊಸದಲ್ಲ. ನೆಲವನ್ನಳೆಯುವ ಕೋಲಿಗೆ ಆಕಾಶದ ಹಕ್ಕಿಯ ಹೆಸರು! ಜೋಗಿಕಟ್ಟೆ ಮಾತ್ರ ನನಗೆ ಯಾವ ಶಾಸನದಲ್ಲಿಯೂ ಸಿಗಲಿಲ್ಲ.

ಕ್ಯಾಮೆರಾ ನೆರಳನ್ನು ಹಿಡಿಯಿತು, ಹೆಸರನ್ನು ಹಿಡಿಯಲಾರದು. ಅದು ಆ ಹಿರಿಯರ ನಾಲಗೆಯ ಮೇಲಿದೆ. ಹುಡುಗ ಈಗ ಆ ಬಯಲಿನ ಚಿತ್ರಗಳನ್ನು ಜೋಡಿಸಿ, ಚಾಪೆಯಷ್ಟು ಅಗಲದ ಹಾಳೆಯ ಮೇಲೆ ಅಚ್ಚು ಹಾಕಿಸಿದ್ದಾನೆ. ಸಣ್ಣ ತೆರೆ ಯಜಮಾನರ ಕಣ್ಣಿಗೆ ನಿಲುಕದು. ಎಡಗಣ್ಣಿಗೆ ಆಗಲೇ ಪೊರೆ ಬಂದಿದೆ. ಸುಗ್ಗಿ ಮುಗಿಯುವುದರೊಳಗೆ ಬನ್ನಿ ಎಂದು ಹೇಳಿ ಕಳುಹಿಸಿದ್ದಾರೆ. ಬರುವ ಭಾನುವಾರ ಹೊರಡುತ್ತಿದ್ದೇವೆ. ಹೆಸರು ಬರೆದುಕೊಳ್ಳುವ ಕೆಲಸ ನನ್ನದು.