ಕುಮಟೆಯ ಹತ್ತಿ, ಅಮೆರಿಕದ ಅಂತರ್ಯುದ್ಧ ಮತ್ತು ನಮ್ಮ ವೀರಗಲ್ಲುಗಳು

ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ಗದ್ದೆ, ತೆಂಗು, ಉಪ್ಪಿನಾಗರ, ಮೀನು ಇರುವ ಊರು ಅದು. ಆದರೂ 19ನೇ ಶತಮಾನದ ಮುಂಬೈ ಮತ್ತು ಲಿವರ್‌ಪೂಲ್ ಪೇಟೆಗಳಲ್ಲಿ 'ಕುಮಟಾ' ಅಂದರೆ ಒಂದು ಬಗೆಯ ಹತ್ತಿ ಅಂತಲೇ ಅರ್ಥ. ಧಾರವಾಡ, ಹುಬ್ಬಳ್ಳಿ ಕಡೆಯ ಎರೆಭೂಮಿಯಲ್ಲಿ ಬೆಳೆದ ನಾಡಹತ್ತಿ ಎತ್ತಿನ ಗಾಡಿಗಳಲ್ಲಿ ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದು, ಕುಮಟೆಯ ಬಂದರಿಗೆ ಬರುತ್ತಿತ್ತು. ಅಲ್ಲಿಂದ ಪತ್ತೇಮಾರಿಗಳಲ್ಲಿ ಮುಂಬೈಗೆ. ಬೆಳೆದ ಊರಿನ ಹೆಸರು ಹೋಗಿ ಹಡಗು ಹತ್ತಿದ ಊರಿನ ಹೆಸರು ಉಳಿಯಿತು.

ಶಾಸನಗಳ ಬಗ್ಗೆ ಬರೆಯುವ ಕಡೆ ಹತ್ತಿಯ ಮಾತೇಕೆ ಅಂತ ಕೇಳಬಹುದು. ಕನ್ನಡ ಶಾಸನಗಳ ಒಂದು ಹಳೆಯ ಫೋಟೋ ಸಂಪುಟಕ್ಕೂ, ಅಮೆರಿಕದ ಅಂತರ್ಯುದ್ಧದ ಪ್ರಸಿದ್ಧ ಫೋಟೋಗಳಿಗೂ, ಈ ಹತ್ತಿಗೂ ನಂಟಿದೆ. ಆ ನಂಟು ಹಿಡಿದು ಹೋದರೆ ಭಟ್ಕಳ, ಹೊನ್ನಾವರ ಸೀಮೆಯ ವೀರಗಲ್ಲುಗಳನ್ನು ಹೇಗೆ ನೋಡಬೇಕು ಅನ್ನುವ ಪ್ರಶ್ನೆಗೂ ಸ್ವಲ್ಪ ಬೆಳಕು ಸಿಗುತ್ತದೆ.

1861ರ ಏಪ್ರಿಲ್‌ನಲ್ಲಿ ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ ಯುದ್ಧ ಶುರುವಾಯಿತು. ಉತ್ತರದವರು ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದರು. ಲ್ಯಾಂಕಾಶೈರಿನ ಗಿರಣಿಗಳಿಗೆ ಬರುತ್ತಿದ್ದ ಅಮೆರಿಕದ ಹತ್ತಿ ನಿಂತುಹೋಯಿತು. ಎಲ್ಲರ ಕಣ್ಣು ಭಾರತದ ಮೇಲೆ ಬಿತ್ತು, ಹತ್ತಿಯ ಬೆಲೆ ಹಲವು ಪಟ್ಟು ಏರಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದಕ್ಕೂ ಧಾರವಾಡದ ಹತ್ತಿಗೆ ಕಾರವಾರದ ಬಂದರನ್ನು ಬೆಳೆಸಬೇಕೆಂಬ ಒತ್ತಡವೇ ದೊಡ್ಡ ಕಾರಣ. ನಮ್ಮ ಜಿಲ್ಲೆ ನೂರು ವರ್ಷಕ್ಕೂ ಹತ್ತಿರ ಮುಂಬೈ ಕಡೆಗೆ ಮುಖ ಮಾಡಿಕೊಂಡು ಇದ್ದದ್ದರ ಹಿಂದೆ ಸಾವಿರಾರು ಮೈಲಿ ದೂರದ ಒಂದು ಅಂತರ್ಯುದ್ಧವೂ ಇದೆ.

ಹತ್ತಿಯ ಲಾಭ ಮುಂಬೈನಲ್ಲಿ ರಾಶಿ ಬಿತ್ತು. ಅದರಲ್ಲಿ ಮುಂದಿದ್ದವರು ಪ್ರೇಮಚಂದ್ ರಾಯಚಂದ್. 1865ರಲ್ಲಿ ಯುದ್ಧ ಮುಗಿದದ್ದೇ ತಡ ಬೆಲೆ ಕುಸಿಯಿತು, ಷೇರುಗಳ ಗುಳ್ಳೆ ಒಡೆಯಿತು, ಅವರೂ ಮುಳುಗಿದರು. ಆದರೆ ಅಷ್ಟರೊಳಗೆ ಆ ಹಣದ ಒಂದು ಪಾಲು ಬೇರೆ ಕಡೆ ಹರಿದಿತ್ತು. ಪಶ್ಚಿಮ ಭಾರತದ ವಾಸ್ತು ಅವಶೇಷಗಳಿಗಾಗಿ ಇದ್ದ ಸಮಿತಿಯೊಂದು ಅಹಮದಾಬಾದ್, ವಿಜಯಪುರ, ಧಾರವಾಡ-ಮೈಸೂರು ಸೀಮೆಗಳ ಕಟ್ಟಡಗಳ ಮೇಲೆ ಫೋಟೋ ಸಂಪುಟಗಳನ್ನು 1866ರಲ್ಲಿ ತಂದಿತು. ಈ ಮಾಲೆಗೆ ಪ್ರೇಮಚಂದ್ ರಾಯಚಂದ್, ಕರ್ಸನ್‌ದಾಸ್ ಮಾಧವದಾಸ್‌ರಂಥ ಮುಂಬೈ ವರ್ತಕರು ಪೋಷಕರು. ಅದರ ಜೊತೆಗೇ ಥಿಯೊಡರ್ ಹೋಪ್ ಸಂಪಾದಿಸಿದ ಧಾರವಾಡ ಮತ್ತು ಮೈಸೂರು ಶಾಸನಗಳ ಫೋಟೋ ಸಂಪುಟವೂ ಬಂತು. ಅದರ ಚಿತ್ರಗಳು 1850ರ ದಶಕದಲ್ಲಿ ಡಾ. ಪಿಗೌ ಮೊದಲಾದವರು ತೆಗೆದವು. 1878ರಲ್ಲಿ ಫ್ಲೀಟ್ ಹೊರತಂದ ಪಾಳಿ, ಸಂಸ್ಕೃತ ಮತ್ತು ಹಳಗನ್ನಡ ಶಾಸನಗಳ ಸಂಗ್ರಹಕ್ಕೆ ಈ ಕೆಲಸವೇ ಅಡಿಪಾಯ. ಅತ್ತ ಮೈಸೂರಿನಲ್ಲಿ ಮೇಜರ್ ಡಿಕ್ಸನ್ 1865ರಲ್ಲಿ ತೆಗೆದ ಶಾಸನಗಳ ಫೋಟೋಗಳನ್ನು ಇಟ್ಟುಕೊಂಡೇ ರೈಸ್ 1879ರಲ್ಲಿ ತಮ್ಮ 'ಮೈಸೂರ್ ಇನ್‌ಸ್ಕ್ರಿಪ್ಷನ್ಸ್' ಮಾಡಿದರು. ವಾಲ್ಟರ್ ಎಲಿಯಟ್ ಕಾಲದಲ್ಲಿ ಕೈಯಿಂದ ನಕಲು ಮಾಡಿಸುತ್ತಿದ್ದ ಶಾಸನ ಈಗ ಕ್ಯಾಮೆರಾದ ಮುಂದೆ ನಿಂತಿತು.

ಅದೇ 1866ರಲ್ಲಿ ಅಮೆರಿಕದಲ್ಲಿ ಅಲೆಗ್ಸಾಂಡರ್ ಗಾರ್ಡ್‌ನರ್ ತಮ್ಮ ಯುದ್ಧದ ಫೋಟೋ ಪುಸ್ತಕ ಪ್ರಕಟಿಸಿದರು. ಎರಡು ಸಂಪುಟ, ನೂರು ಚಿತ್ರ. ಒಂದೇ ವರ್ಷ, ಒಂದೇ ತಂತ್ರ: ಫೋಟೋದ ಪ್ರತಿಗಳನ್ನು ಹಾಳೆಗೆ ಅಂಟಿಸಿ ಮಾಡಿದ ದುಬಾರಿ ಪುಸ್ತಕಗಳು. ಒಂದರಲ್ಲಿ ಯುದ್ಧದಲ್ಲಿ ಸತ್ತವರು, ಇನ್ನೊಂದು ಆ ಯುದ್ಧ ತಂದ ಹಣದ ಕಾಲದಲ್ಲಿ ಹುಟ್ಟಿದ ಮಾಲೆಯ ಕನ್ನಡ ಕಲ್ಲುಗಳು. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ಕಡಿಮೆ.

ಆ ಕಾಲದ ಕ್ಯಾಮೆರಾಕ್ಕೆ ಚಲನೆ ಹಿಡಿಯಲು ಬರುತ್ತಿರಲಿಲ್ಲ. ಕಾಳಗದ ಹೊತ್ತಿನ ಫೋಟೋ ಸಾಧ್ಯವಿರಲಿಲ್ಲ, ಕಾಳಗ ಮುಗಿದ ಮೇಲಿನದು ಮಾತ್ರ. 1862ರ ಸೆಪ್ಟೆಂಬರ್ 17ರ ಆಂಟೀಟಮ್ ಕಾಳಗದ ಹೆಣಗಳನ್ನು ಗಾರ್ಡ್‌ನರ್ ಚಿತ್ರಿಸಿದರು. ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಬ್ರೇಡಿಯವರ ಗ್ಯಾಲರಿಯಲ್ಲಿ ಜನ ಅವನ್ನು ನೋಡಿ ಬೆಚ್ಚಿದರು. ಪತ್ರಿಕೆಗಳಲ್ಲಿ ಫೋಟೋ ಅಚ್ಚುಹಾಕುವ ತಂತ್ರ ಇನ್ನೂ ಬಂದಿರಲಿಲ್ಲ. ಹಾಗಾಗಿ 'ಹಾರ್ಪರ್ಸ್ ವೀಕ್ಲಿ'ಯಂಥ ವಾರಪತ್ರಿಕೆಗಳು ಫೋಟೋ ನೋಡಿ ಮರದ ಅಚ್ಚಿನಲ್ಲಿ ಕೆತ್ತಿಸುತ್ತಿದ್ದವು. ಓಡುವ ಕುದುರೆ, ಎತ್ತಿದ ಕತ್ತಿ, ಸಿಡಿಯುವ ಗುಂಡು ಬೇಕಾದರೆ ಚಿತ್ರಕಾರನೇ ಬರೆಯಬೇಕಿತ್ತು. ಅಂದರೆ ಕಾಳಗ ಕಾಣುವುದು ಕೆತ್ತನೆಯಲ್ಲಿ, ಸಾವು ಕಾಣುವುದು ಫೋಟೋದಲ್ಲಿ.

ಈಗ ನಮ್ಮ ಕಡೆ ಬರೋಣ. ಕರಾವಳಿಯ ಯುದ್ಧಗಳಲ್ಲಿ ಬಹುಪಾಲು ಮನೆಯೊಳಗಿನ ಜಗಳಗಳೇ. 1340ರ ದಶಕದಲ್ಲಿ ಹೊನ್ನಾವರದ ಸುಲ್ತಾನ ಜಮಾಲುದ್ದೀನ್ 52 ಹಡಗು ಕಟ್ಟಿಕೊಂಡು ಗೋವೆಯ ಮೇಲೆ ಹೋದದ್ದನ್ನು ಜೊತೆಗಿದ್ದ ಇಬ್ನ್ ಬತೂತ ಬರೆದಿದ್ದಾನೆ. ಅದರ ಮೂಲ ಗೋವೆಯ ಅರಸನಿಗೂ ಅವನ ಮಗನಿಗೂ ಬಿದ್ದ ವೈಮನಸ್ಸು. ಮುಂದೆ 15ನೇ ಶತಮಾನದಲ್ಲಿ ಈಗಿನ ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆ, ಅಂದರೆ ನಗಿರೆ, ಮತ್ತು ಭಟ್ಕಳ ತಾಲ್ಲೂಕಿನ ಹಾಡುವಳ್ಳಿ, ಅಂದರೆ ಸಂಗೀತಪುರ, ಇವೆರಡೂ ಸಾಳುವರ ನೆಲೆಗಳು. ಎರಡೂ ವಿಜಯನಗರಕ್ಕೆ ತಲೆಬಾಗಿದವು, ಎರಡೂ ಜೈನ ಮನೆತನಗಳು. ಬಂದರಿಗಾಗಿ, ಮೆಣಸಿನ ದಾರಿಗಾಗಿ, ಪಟ್ಟಕ್ಕಾಗಿ ಹೊಡೆದಾಡಿದವರು ಒಂದೇ ಮಾತಾಡುವ, ಒಂದೇ ಬಸದಿಗೆ ಕೈಮುಗಿಯುವ ನೆಂಟರು. ದಾಯಾದಿ ಕಾಳಗ ಅನ್ನಿ, ಅಂತರ್ಯುದ್ಧ ಅನ್ನಿ. ಆ ಕಾಲದ ಕಾಳಗಗಳಲ್ಲಿ ಬಿದ್ದವರ ನೆನಪು ಭಟ್ಕಳದ ಹತ್ತಿರದ ಕೈಕಿಣಿಯಂಥ ಊರುಗಳ ವೀರಗಲ್ಲು ಶಾಸನಗಳಲ್ಲಿದೆ. ಆರ್. ಎಸ್. ಪಂಚಮುಖಿಯವರು ಸಂಪಾದಿಸಿದ 'ಕರ್ನಾಟಕ ಇನ್‌ಸ್ಕ್ರಿಪ್ಷನ್ಸ್' ಮೊದಲ ಸಂಪುಟವನ್ನು ಈ ಸೀಮೆಯ ಆಸಕ್ತರು ಒಮ್ಮೆಯಾದರೂ ತಿರುವಿಹಾಕಬೇಕು.

ವೀರಗಲ್ಲು ಓದುವ ಕ್ರಮ ಈ ಅಂಕಣದ ಓದುಗರಿಗೆ ಹೊಸದಲ್ಲ. ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು. ಮೇಲೆ ಅವನು ದೇವರ ಸನ್ನಿಧಿಯಲ್ಲಿ ಕೂತದ್ದು. ಅಲ್ಲಿ ಲಿಂಗವಿದ್ದರೆ ಶೈವ, ಜಿನಬಿಂಬವಿದ್ದರೆ ಜೈನ. ನೆತ್ತಿಯಲ್ಲಿ ಸೂರ್ಯ, ಚಂದ್ರ. ಪಟ್ಟಿಕೆಗಳ ನಡುವಿನ ಅಡ್ಡ ಅಂಚುಗಳಲ್ಲಿ ಅಕ್ಷರ. ಚಿತ್ರ ಬಹುಮಟ್ಟಿಗೆ ರೂಢಿಯದು. ಶಿಲ್ಪಿ ಆ ಕಾಳಗ ನೋಡಿರಬೇಕೆಂದಿಲ್ಲ, ಸತ್ತವನ ಮುಖವನ್ನೂ ನೋಡಿರಬೇಕೆಂದಿಲ್ಲ. ನೂರು ಕಲ್ಲುಗಳಲ್ಲಿ ಅದೇ ನಿಲುವು, ಅದೇ ಗುರಾಣಿ. ಈ ವೀರ ಯಾರು, ಯಾವ ವರ್ಷ, ಯಾರ ಪರವಾಗಿ, ಯಾರ ಮೇಲೆ ಹೋಗಿ ಬಿದ್ದ ಅನ್ನುವುದೆಲ್ಲ ಅಕ್ಷರದಲ್ಲಿದೆ.

ಗಾರ್ಡ್‌ನರ್‌ನ ಫೋಟೋ ಇದಕ್ಕೆ ಪೂರ್ತಿ ತಿರುವುಮುರುವು. ಅಲ್ಲಿ ಬಿದ್ದಿರುವ ದೇಹ ನಿಜವಾದ ಒಬ್ಬನದು. ಅವನ ಅಂಗಿಯ ಗುಂಡಿ, ಉಬ್ಬಿದ ಹೊಟ್ಟೆ, ತೆರೆದ ಬಾಯಿ ಎಲ್ಲ ಅವನದೇ. ಆದರೆ ಹೆಸರಿಲ್ಲ. ನಮ್ಮ ಕಲ್ಲಿನಲ್ಲಿ ಹೆಸರು ನಿಜ, ದೇಹ ರೂಢಿಯದು. ಅವರ ಫೋಟೋದಲ್ಲಿ ದೇಹ ನಿಜ, ಹೆಸರು ಇಲ್ಲ. ಯುದ್ಧದ ಚಿತ್ರದಾಖಲೆ ಅಂತ ಎರಡನ್ನೂ ಕರೆಯುತ್ತೇವೆ. ಆದರೆ ಎರಡೂ ಬೇರೆ ಬೇರೆಯದನ್ನು ಕಾಪಾಡಿವೆ.

ಫೋಟೋ ಸುಳ್ಳು ಹೇಳುವುದಿಲ್ಲ ಅಂತ ನಂಬುವವರಿಗೆ ಗೆಟಿಸ್‌ಬರ್ಗ್‌ನ ಉದಾಹರಣೆ ಹೇಳುತ್ತೇನೆ. 1863ರ ಜುಲೈನಲ್ಲಿ ಅಲ್ಲಿ ತೆಗೆದ ಎರಡು ಚಿತ್ರಗಳು ಗಾರ್ಡ್‌ನರ್ ಪುಸ್ತಕದಲ್ಲಿ ಒಂದರ ಪಕ್ಕ ಒಂದಿವೆ. ಒಂದರ ಟಿಪ್ಪಣಿ ಅಲ್ಲಿ ಬಿದ್ದವರನ್ನು ದಂಗೆಕೋರ ದಕ್ಷಿಣದವರು ಅನ್ನುತ್ತದೆ, ಇನ್ನೊಂದು ಉತ್ತರದ ಸೈನಿಕರು ಅನ್ನುತ್ತದೆ. ವಿಲಿಯಂ ಫ್ರಾಸನಿಟೊ 1975ರಲ್ಲಿ ತೋರಿಸಿದ್ದು: ಎರಡರಲ್ಲೂ ಇರುವುದು ಅದೇ ಹೆಣಗಳು, ಎರಡು ದಿಕ್ಕಿನಿಂದ ತೆಗೆದದ್ದು. ಬಂಡೆಗಳ ನಡುವೆ ಸತ್ತುಬಿದ್ದ 'ಗುರಿಕಾರ'ನ ಪ್ರಸಿದ್ಧ ಚಿತ್ರದಲ್ಲಂತೂ ಹೆಣವನ್ನೇ ಬೇರೆ ಕಡೆಯಿಂದ ಹೊತ್ತು ತಂದು ಇಡಲಾಗಿತ್ತು. ಚಿತ್ರದ ಕೆಳಗಿನ ಬರಹವೂ ಒಂದು ಶಾಸನವೇ. ಅದನ್ನು ಬರೆಸಿದವರು ಯಾರು, ಯಾವಾಗ, ಯಾಕೆ ಅಂತ ಕೇಳದೆ ಒಪ್ಪುವ ಹಾಗಿಲ್ಲ.

ಇದೇ ಪ್ರಶ್ನೆ ವೀರಗಲ್ಲಿಗೂ ಬೇಕು. ಕಲ್ಲು ನಿಲ್ಲಿಸಿದವರು ಸತ್ತವನ ಮನೆಯವರು, ಊರವರು ಅಥವಾ ಅವನ ಒಡೆಯ. ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿ ಸಿಕ್ಕಿದ್ದರೆ ಆ ಕಲ್ಲು ನೆನಪೂ ಹೌದು, ಹಕ್ಕುಪತ್ರವೂ ಹೌದು. ಕೆಳಗಿನ ಪಟ್ಟಿಕೆಯಲ್ಲಿ ವೀರನ ಕಾಲಬುಡದಲ್ಲಿ ಬಿದ್ದಿರುವ ಚಿಕ್ಕ ಆಕೃತಿಗಳು ಶತ್ರುಗಳು. ಅವರಿಗೆ ಆ ಕಲ್ಲಿನಲ್ಲಿ ಹೆಸರಿಲ್ಲ. ಆದರೆ ದಾಯಾದಿ ಕಾಳಗದಲ್ಲಿ ಶತ್ರು ಎಂಬವನು ಹೊಳೆಯಾಚೆ ಊರಿನವನು. ಅಲ್ಲಿ ಅವನಿಗೂ ಒಂದು ಕಲ್ಲಿರಬಹುದು. ಅದರಲ್ಲಿ ಅವನು ದೊಡ್ಡವನು, ಈಚೆಯವರು ಕಾಲಬುಡದ ಚಿಕ್ಕವರು. ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ನಗಿರೆ ಸೀಮೆಯ ಕಲ್ಲುಗಳನ್ನೂ ಹಾಡುವಳ್ಳಿ ಸೀಮೆಯ ಕಲ್ಲುಗಳನ್ನೂ ತಾಲ್ಲೂಕುವಾರು ಬೇರೆ ಬೇರೆ ಪಟ್ಟಿ ಮಾಡಿದರೆ ಸಾಲದು. ತಿಥಿ, ವಾರ, ಸಂವತ್ಸರ ಹಿಡಿದು ಒಂದೇ ಕಾಳಗದ ಎರಡೂ ಬದಿಯ ಕಲ್ಲುಗಳನ್ನು ಜೋಡಿಸಬೇಕು. ಹಾಗೆ ಜೋಡಿಸಿದಾಗಲೇ ಅದು ಯುದ್ಧದ ಚರಿತ್ರೆ. ಅಲ್ಲಿವರೆಗೆ ಒಂದು ಪಕ್ಷದ ಮಾತು ಅಷ್ಟೇ.

ಇಲ್ಲೇ ತೊಂದರೆ ಇರುವುದು. ಕರಾವಳಿಯ ಮಳೆ ಯಾವ ಕಲ್ಲನ್ನೂ ಬಿಡುವುದಿಲ್ಲ. ಅದಕ್ಕಿಂತ ಹೆಚ್ಚು ಕಳೆಯುವುದು ನಮ್ಮ ಭಕ್ತಿ ಮತ್ತು ನಮ್ಮ ಅವಸರ. ಎಣ್ಣೆ ಸುರಿದು ಸುರಿದು ಅಕ್ಷರ ಮುಚ್ಚುತ್ತದೆ. ಜೀರ್ಣೋದ್ಧಾರದ ಹೆಸರಲ್ಲಿ ಕಲ್ಲಿನ ಬುಡಕ್ಕೆ ಸಿಮೆಂಟು ಬೀಳುತ್ತದೆ, ಕೆಳಗಿನ ಸಾಲು ಅದರೊಳಗೆ ಹೋಗುತ್ತದೆ. ರಸ್ತೆ ಅಗಲವಾದಾಗ ಕಲ್ಲು ಜಾಗ ಬದಲಿಸುತ್ತದೆ. ಯಾವ ಊರಿನ ಯಾವ ಗದ್ದೆಯ ಅಂಚಿನದು ಅನ್ನುವುದು ಆಮೇಲೆ ಯಾರಿಗೂ ಗೊತ್ತಿರುವುದಿಲ್ಲ. ಈಗ ಇನ್ನೊಂದು ಸೇರಿದೆ, ಮೊಬೈಲ್ ಫೋಟೋ. ದಿನಕ್ಕೆ ನಾಲ್ಕಾದರೂ ವೀರಗಲ್ಲಿನ ಚಿತ್ರ ನನಗೆ ಬರುತ್ತವೆ. ನಡುಮಧ್ಯಾಹ್ನದ ಬಿಸಿಲಲ್ಲಿ ನೇರ ಎದುರಿನಿಂದ ತೆಗೆದದ್ದು: ಕುದುರೆ ಚೆನ್ನಾಗಿ ಕಾಣುತ್ತದೆ, ಅಪ್ಸರೆ ಚೆನ್ನಾಗಿ ಕಾಣುತ್ತಾಳೆ, ಅಕ್ಷರದ ಅಂಚು ಕತ್ತರಿಸಿ ಹೋಗಿದೆ. ಊರ ಹೆಸರೂ ಇರುವುದಿಲ್ಲ. ಕಲ್ಲು ಆರುನೂರು ವರ್ಷ ಹೊತ್ತುಕೊಂಡಿದ್ದ ಒಂದೇ ಒಂದು ನಿಜವಾದ ಸಂಗತಿ, ಆ ಮನುಷ್ಯನ ಹೆಸರು, ಅದೇ ಚಿತ್ರದಿಂದ ಹೊರಗೆ. ಉಳಿದದ್ದು ಯಾವ ಕಲ್ಲಿನಲ್ಲಾದರೂ ಸಿಗುವ ರೂಢಿಯ ಚಿತ್ರ. ಹೀಗೆ ನಾವು ವೀರಗಲ್ಲನ್ನು ಹೆಸರಿಲ್ಲದ ಹೆಣದ ಫೋಟೋ ಮಾಡಿಬಿಡುತ್ತೇವೆ, ಅದೂ ಹೆಣವೂ ಇಲ್ಲದೆ.

ಪಿಗೌ, ನೀಲ್ ಕ್ಯಾಮೆರಾ ಹೊತ್ತು ತಿರುಗಿದ್ದು ಘಟ್ಟದ ಮೇಲೆ, ಅವರ ಪುಸ್ತಕದ ಹೆಸರೇ ಅದನ್ನು ಹೇಳುತ್ತದೆ. ಹತ್ತಿ ಘಟ್ಟ ಇಳಿಯಿತು, ಕ್ಯಾಮೆರಾ ಇಳಿಯಲಿಲ್ಲ. ಆ ಬಾಕಿ ಕೆಲಸ ಈಗ ನಮ್ಮ ಜೇಬಿನಲ್ಲೇ ಇರುವ ಯಂತ್ರದಿಂದ ಆಗಬಹುದು. ಭಟ್ಕಳ, ಹೊನ್ನಾವರ, ಕುಮಟೆ ಕಡೆಯ ಓದುಗರಲ್ಲಿ ನನ್ನ ಬಿನ್ನಹ ಇಷ್ಟು. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಲ್ಲಿ ತೆಗೆಯಿರಿ. ಬಿಸಿಲಿಲ್ಲದಿದ್ದರೆ ರಾತ್ರಿ ಪಕ್ಕದಿಂದ ಟಾರ್ಚ್ ಬಿಡಿ. ಇಡೀ ಕಲ್ಲಿನದು ಒಂದು, ಪ್ರತಿ ಪಟ್ಟಿಕೆಯದು ಒಂದು, ಪ್ರತಿ ಅಕ್ಷರದ ಅಂಚಿನದು ಒಂದು. ಅಳತೆಪಟ್ಟಿ ಪಕ್ಕದಲ್ಲಿರಲಿ. ಸುಣ್ಣ, ಸೀಮೆಸುಣ್ಣ, ಬಣ್ಣ ಯಾವುದನ್ನೂ ಅಕ್ಷರಕ್ಕೆ ತುಂಬಬೇಡಿ, ತಂತಿ ಬ್ರಷ್ಷಂತೂ ಬೇಡವೇ ಬೇಡ. ಊರು, ಕೇರಿ, ಯಾರ ಹಿತ್ತಲು, ಕಲ್ಲಿನ ಮುಖ ಯಾವ ದಿಕ್ಕಿಗೆ, ಊರವರು ಅದನ್ನು ಏನಂತ ಕರೆಯುತ್ತಾರೆ, ಇಷ್ಟನ್ನು ಅವತ್ತೇ ಬರೆದಿಡಿ. ಮಗ್ಗುಲಲ್ಲಿ ಮಾಸ್ತಿಕಲ್ಲಿದ್ದರೆ ಅದನ್ನೂ ಬಿಡಬೇಡಿ. ಎತ್ತಿದ ಕೈ, ಆ ಕೈಯ ಬಳೆ ಅದೇ ಕಾಳಗದ ಇನ್ನೊಂದು ಪುಟ ಇರಬಹುದು.

ಚಿತ್ರ ಕಳಿಸುವಾಗ ಕಲ್ಲು ಇರುವ ಊರಿನ ಹೆಸರನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಅಕ್ಷರ ಸವೆದಿದೆ, ಓದಲಾಗದು ಅಂತ ಕೈಬಿಡಬೇಡಿ. ಸವೆದ ಸಾಲಿನಲ್ಲೂ ಒಂದು ಸಂವತ್ಸರದ ಹೆಸರೋ, 'ಕಾದಿ' ಅನ್ನುವ ಒಂದು ಕ್ರಿಯಾಪದವೋ, ಒಂದು ಊರಿನ ಮೊದಲ ಎರಡಕ್ಷರವೋ ಉಳಿದಿರುತ್ತದೆ. ಹೊಳೆಯಾಚೆಯ ಕಲ್ಲಿಗೆ ಅದನ್ನು ಜೋಡಿಸಲು ಎಷ್ಟೋ ಸಲ ಅಷ್ಟು ಸಾಕಾಗುತ್ತದೆ.