ಪಂಡಿತಾ ರಮಾಬಾಯಿಯವರ ಸತ್ಯವೇದ

ಮುಂಬಯಿಯಿಂದ ಕಲಬುರ್ಗಿ, ರಾಯಚೂರುಗಳ ಕಡೆಗೆ ಊರಿಗೆ ಹೊರಟ ಕನ್ನಡಿಗರ ಗಾಡಿ, ಪುಣೆಯನ್ನು ದಾಟಿ ದೌಂಡವನ್ನು ಸೇರುವ ಮುನ್ನ ಕೇಡಗಾಂವವೆಂಬ ಸಣ್ಣ ನಿಲ್ದಾಣವನ್ನು ಹಾದುಹೋಗುತ್ತದೆ. ಪ್ರಯಾಣಿಕರು ಕಿಟಕಿಯಿಂದ ತಲೆಯೆತ್ತಿ ನೋಡುವಂಥ ಊರಲ್ಲ ಅದು. ಆದರೆ ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಅಲ್ಲಿ ಒಬ್ಬ ವಿದುಷಿ ಹೀಬ್ರೂ, ಗ್ರೀಕ್ ಭಾಷೆಗಳನ್ನು ತನ್ನ ನಡುವಯಸ್ಸಿನ ಮೇಲೆ ಅಭ್ಯಾಸಮಾಡಿ ಬೈಬಲನ್ನು ಮೊದಲಿನಿಂದ ಕಡೆಯವರೆಗೆ ತಿಳಿಯಾದ ಮರಾಠಿಗೆ ತಂದರು. ಅನಾಥೆಯರಾಗಿ ಬಂದ ಹೆಂಗಸರು ಅಲ್ಲಿಯೇ ಅದರ ಅಚ್ಚುಮೊಳೆಗಳನ್ನು ಜೋಡಿಸಿದರು. ಈ ವಿದುಷಿ ಹುಟ್ಟಿದ್ದು ತುಂಗೆ, ಭದ್ರೆ, ನೇತ್ರಾವತಿಗಳ ಉಗಮಸ್ಥಾನವಾದ ಗಂಗಾಮೂಲದಲ್ಲಿ, 1858ರ ಏಪ್ರಿಲ್ 23ರಂದು. ಮಹಾರಾಷ್ಟ್ರವು ತನ್ನವಳೆಂದೂ ಕ್ರೈಸ್ತಸಭೆಯು ತನ್ನವಳೆಂದೂ ಹೇಳಿಕೊಳ್ಳುವ ಪಂಡಿತಾ ರಮಾಬಾಯಿಯವರ ವಿಷಯದಲ್ಲಿ ಕನ್ನಡಿಗರು ಮಾತ್ರ ಹೆಚ್ಚು ಕುತೂಹಲ ತೋರಿದಂತಿಲ್ಲ.

ರಮಾಬಾಯಿಯವರ ಸಮಾಜಸುಧಾರಣೆಯ ಕಾರ್ಯವನ್ನು ಕುರಿತು ಬರೆದವರು ಅನೇಕರು. ಅವರ ಮತಾಂತರವನ್ನು ಹೊಗಳಿದವರಿಗೂ ಹಳಿದವರಿಗೂ ಕೊರತೆಯಿಲ್ಲ. ಇಲ್ಲಿ ವಿಚಾರಿಸಬೇಕಾದುದು ಅದಕ್ಕಿಂತ ಕಿರಿದಾದ ಒಂದು ಪ್ರಶ್ನೆ: ದಿನದಿನದ ಬಾಳಿಗೆ ಸತ್ಯವೇದವೊಂದೇ ದಾರಿದೀಪವೆಂದು ನೆಚ್ಚಿದ ಈ ಹೆಂಗಸಿಗೆ ಆ ನೆಚ್ಚಿಕೆಯ ಅರ್ಥವೇನಿತ್ತು? ಗ್ರಂಥವೊಂದನ್ನು ನೆಚ್ಚುವುದೆಂದರೆ ಬುದ್ಧಿಯನ್ನು ಒತ್ತೆಯಿಡುವುದು ಎಂಬ ಭಾವನೆ ವಿದ್ಯಾವಂತರಲ್ಲಿ ಸಾಮಾನ್ಯವಾಗಿದೆ. ರಮಾಬಾಯಿಯವರ ಚರಿತ್ರೆ ಇದಕ್ಕೆ ಹೊಂದಿಕೊಳ್ಳುವುದಿಲ್ಲ.

ಬೈಬಲಿನ ಒಂದು ಭಾಗವನ್ನು ಬೆಳಗ್ಗೆ ಓದಿ, ಅದರ ಬೆಳಕಿನಲ್ಲಿ ಅಂದಿನ ಕೆಲಸವನ್ನು ನಡೆಸುವ ಪದ್ಧತಿ ಪ್ರೊಟೆಸ್ಟೆಂಟ್ ಕ್ರೈಸ್ತರದು. ಮಂಗಳೂರು, ಧಾರವಾಡಗಳ ಬಾಸೆಲ್ ಮಿಶನ್ ಸಭೆಗಳ ಮೂಲಕ ಕನ್ನಡ ಕುಟುಂಬಗಳಿಗೆ ಅದು ಬಂದಿತು. ಮುಂಬಯಿಯಲ್ಲಿ ಅದಕ್ಕೆ ಒಬ್ಬ ವಿಶಿಷ್ಟ ಪುರುಷನಿದ್ದನು. 1848ರಲ್ಲಿ ಇಲ್ಲಿಗೆ ಬಂದ ಜಾರ್ಜ್ ಬೋವೆನ್ ಎಂಬ ಅಮೆರಿಕದ ಪಾದ್ರಿ ಮಿಶನ್ನಿನ ಸಂಬಳವನ್ನು ಬಿಟ್ಟುಕೊಟ್ಟು, ಪೇಟೆಯ ಜನರ ನಡುವೆ ಬಡವನಂತೆ ಬಾಳಿ, 1888ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಯೇ ಉಳಿದನು. ವರ್ಷದ ಒಂದೊಂದು ದಿನಕ್ಕೂ ಒಂದೊಂದು ವಾಕ್ಯದ ಮೇಲೆ ಧ್ಯಾನವನ್ನು ಬರೆದು ಅವನು ರಚಿಸಿದ ಪುಸ್ತಕವು 1865ರಲ್ಲಿ ಅಮೆರಿಕದಲ್ಲಿ ಅಚ್ಚಾಯಿತು. ಅವನದು ನೆಮ್ಮದಿಯ ನೆಚ್ಚಿಕೆ. ರಮಾಬಾಯಿಯವರದು ಜಗಳವಾಡಿ ಗಳಿಸಿದ್ದು. ಆ ಜಗಳದ ಬೇರುಗಳಾದರೂ ಕ್ರೈಸ್ತಮತದಲ್ಲಿಲ್ಲ, ಪಶ್ಚಿಮ ಘಟ್ಟದ ಕಾಡಿನಲ್ಲಿವೆ.

ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಸಮೀಪದ ಮಾಳದ ಚಿತ್ಪಾವನ ಮನೆತನದವರು. ತರುಣರಾಗಿ ಪುಣೆಯಲ್ಲಿ ಓದುತ್ತಿದ್ದಾಗ ಪೇಶವೆಯ ಅರಮನೆಯಲ್ಲಿ ರಾಣಿಯೊಬ್ಬಳು ಸಂಸ್ಕೃತ ಶ್ಲೋಕಗಳನ್ನು ಹೇಳುವುದನ್ನು ಅವರು ಕೇಳಿದರು. ಹೆಂಗಸಿಗೂ ಈ ವಿದ್ಯೆ ಬರುವುದೆಂಬ ವಿಸ್ಮಯ ಅವರನ್ನು ಬಿಡಲಿಲ್ಲ. ಮುಂದೆ ತಮ್ಮ ಎಳೆಯ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸತೊಡಗಿದಾಗ ನೆಂಟರಿಷ್ಟರೂ ಊರವರೂ ಮುನಿದರು. ಶಾಸ್ತ್ರಿಗಳನ್ನು ಉಡುಪಿಯಲ್ಲಿ ವಿದ್ವಾಂಸರ ಸಭೆಯ ಮುಂದೆ ಕರೆಸಿ ಉತ್ತರ ಕೇಳಿದರು. ಅವರು ಅಳುಕದೆ ಗ್ರಂಥಗಳಿಂದಲೇ ವಾಕ್ಯಗಳನ್ನು ಎತ್ತಿ ತೋರಿಸಿ, ವೇದವೊಂದನ್ನು ಬಿಟ್ಟು ಉಳಿದ ವಾಙ್ಮಯದಲ್ಲಿ ಸ್ತ್ರೀಯರಿಗೆ ಅಧಿಕಾರವುಂಟೆಂದು ಸಾಧಿಸಿದರು. ಅನಂತರ ಗಂಗಾಮೂಲದ ಕಾಡಿನಲ್ಲಿ ಮನೆಮಾಡಿದರು. ರಮೆಗೆ ಪಾಠ ಹೇಳಿಕೊಟ್ಟವಳು ಆ ತಾಯಿಯೇ.

ಉಡುಪಿಯ ಈ ಪ್ರಸಂಗವನ್ನು ಚರಿತ್ರಕಾರರು ತಂದೆಯ ಉದಾರತೆಗೆ ನಿದರ್ಶನವೆಂದು ಹೇಳಿ ಮುಂದೆ ಸಾಗುತ್ತಾರೆ. ಅದರಲ್ಲಿ ಇನ್ನೂ ಒಂದು ಅಂಶವಿದೆ. ರೂಢಿಯು ಅಡ್ಡಬಂದಾಗ ಗ್ರಂಥವನ್ನು ಬಿಚ್ಚಿ, ‘ಇಲ್ಲಿ ಎಲ್ಲಿದೆ, ತೋರಿಸಿ’ ಎಂದು ಕೇಳುವ ಪರಿಪಾಠವನ್ನು ಮಗಳು ಪಿತ್ರಾರ್ಜಿತವಾಗಿ ಪಡೆದರು.

ರಮೆಗೆ ಆರು ತಿಂಗಳಾಗಿದ್ದಾಗ ಸಂಸಾರ ಘಟ್ಟವನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಕ್ಷೇತ್ರಗಳಲ್ಲಿ ಪುರಾಣ ಹೇಳುತ್ತ, ಬಂದ ದಕ್ಷಿಣೆಯಲ್ಲಿ ಬಾಳುತ್ತ ಕಳೆದ ವರ್ಷಗಳು 1870ರ ದಶಕದ ಬರಗಾಲದಲ್ಲಿ ಮುಗಿದವು. 1874ರಲ್ಲಿ ತಂದೆ ಹಸಿವಿನಿಂದ ಕೊನೆಯುಸಿರೆಳೆದರು. ಕೆಲವೇ ವಾರಗಳಲ್ಲಿ ತಾಯಿ ರಾಯಚೂರಿನಲ್ಲಿ ತೀರಿಕೊಂಡರು. ಶಾಸ್ತ್ರದಲ್ಲಿ ಹೇಳಿದ ಜಪ, ದಾನ, ಉಪವಾಸಗಳನ್ನೆಲ್ಲ ಚಾಚೂ ತಪ್ಪದೆ ಮಾಡಿದವರಿಗೆ ಈ ಗತಿ ಬಂತಲ್ಲ ಎಂಬ ಪ್ರಶ್ನೆ ಉಳಿದ ಮಕ್ಕಳ ಮನಸ್ಸಿನಲ್ಲಿ ನಾಟಿತು.

1878ರಲ್ಲಿ ಅಣ್ಣತಂಗಿಯರು ಕಲಕತ್ತೆಯನ್ನು ಸೇರಿದಾಗ ಅಲ್ಲಿಯ ವಿದ್ವಾಂಸರು ಆಕೆಯ ಪಾಂಡಿತ್ಯವನ್ನು ಮೆಚ್ಚಿ ‘ಪಂಡಿತಾ’, ‘ಸರಸ್ವತೀ’ ಎಂಬ ಬಿರುದುಗಳನ್ನು ಕೊಟ್ಟರು. ಕ್ರೈಸ್ತರ ಒಂದು ಕೂಟದಲ್ಲಿ ಅವರಿಗೆ ಸಂಸ್ಕೃತ ಬೈಬಲಿನ ಪ್ರತಿಯೊಂದು ಸಿಕ್ಕಿತು. ಭಾಗವತವನ್ನು ಬಾಯಿಪಾಠ ಬಲ್ಲ ಆ ಪಂಡಿತೆಗೆ ಆ ಸಂಸ್ಕೃತವು ಅರ್ಥವಾಗಲಿಲ್ಲ! ಪದಗಳು ಪರಿಚಿತ, ಭಾಷೆ ಅಪರಿಚಿತ. ಓದುವುದು ಕಾಲಹರಣವೆಂದು ತೋರಿದರೂ ಆ ಪ್ರತಿಯನ್ನು ಮಾತ್ರ ಬಿಸಾಡದೆ ಇಟ್ಟುಕೊಂಡೆನೆಂದು 1907ರ ಆತ್ಮನಿವೇದನೆಯಲ್ಲಿ ಅವರು ಹೇಳಿದ್ದಾರೆ. ಮುಂದಿನ ಭಾಷಾಂತರಕಾರ್ಯದ ಬೀಜ ಈ ಅನುಭವದಲ್ಲಿತ್ತೆಂದು ಊಹಿಸಿದರೆ ತಪ್ಪಾಗಲಾರದು. ಇದೇ ಕಾಲದಲ್ಲಿ ಕೇಶವಚಂದ್ರ ಸೇನರ ಪ್ರೇರಣೆಯಿಂದ, ತಂದೆಯೂ ದಾಟದಿದ್ದ ಗೆರೆಯನ್ನು ದಾಟಿ ಅವರು ವೇದವನ್ನೂ ಓದಿದರು. ಅನೇಕ ವಿಷಯಗಳಲ್ಲಿ ಒಂದನ್ನೊಂದು ವಿರೋಧಿಸುವ ಗ್ರಂಥಗಳೆಲ್ಲ ಸ್ತ್ರೀಯರನ್ನೂ ಶೂದ್ರರನ್ನೂ ಕೀಳೆಂದು ಎಣಿಸುವುದರಲ್ಲಿ ಮಾತ್ರ ಒಮ್ಮತವಾಗಿರುವುದನ್ನು ಕಂಡುಕೊಂಡರು.

ಅಣ್ಣನ ಮರಣ, ಬಿಪಿನ್ ಬಿಹಾರಿ ಮೇಧಾವಿಯವರೊಡನೆ ಮದುವೆ, ಮಗಳು ಮನೋರಮೆಯ ಜನನ, ಎರಡು ವರ್ಷ ತುಂಬುವ ಮೊದಲೇ ವೈಧವ್ಯ. ಇವೆಲ್ಲ 1880 ಮತ್ತು 1882ರ ನಡುವಣ ಮಾತು. ಗಂಡನ ಪುಸ್ತಕಗಳ ನಡುವೆ ಸಿಲ್ಚಾರಿನಲ್ಲಿ ಕಣ್ಣಿಗೆ ಬಿದ್ದ ಬಂಗಾಳಿ ಲೂಕನ ಸುವಾರ್ತೆಯನ್ನು ಅವರು ಆಸಕ್ತಿಯಿಂದ ಓದಿದ್ದರು. 1883ರಲ್ಲಿ ಇಂಗ್ಲೆಂಡಿಗೆ ಹೋಗಿ ವಾಂಟೇಜಿನ ಆಂಗ್ಲಿಕನ್ ಸಂನ್ಯಾಸಿನಿಯರ ಮಠದಲ್ಲಿ ನಿಂತರು. ಆ ಸೋದರಿಯರು ದಾರಿತಪ್ಪಿದ ಹೆಂಗಸರಿಗಾಗಿ ಲಂಡನ್ನಿನ ಫುಲ್ಹಮಿನಲ್ಲಿ ನಡೆಸುತ್ತಿದ್ದ ಆಶ್ರಮವನ್ನು ಕಂಡು, ಸಮಾರ್ಯದ ಸ್ತ್ರೀಯೊಡನೆ ಕ್ರಿಸ್ತನು ಆಡಿದ ಮಾತುಗಳನ್ನು ಯೋಹಾನನ ಸುವಾರ್ತೆಯಿಂದ ಕೇಳಿದಾಗ, ಪತಿತೆಗೂ ಎತ್ತಿಹಿಡಿಯುವ ಕೈಯಿರುವ ಮತವಿದು ಎಂದು ಅವರಿಗೆ ಮನವರಿಕೆಯಾಯಿತು. ಸೆಪ್ಟೆಂಬರ್ 29ರಂದು ದೀಕ್ಷಾಸ್ನಾನವಾಯಿತು.

ಮಠದವರು ತಮಗೊಬ್ಬ ವಿಧೇಯ ಶಿಷ್ಯೆ ದೊರೆತಳೆಂದು ಭಾವಿಸಿದ್ದರೆ ಆ ಭಾವನೆ ಬಹುಕಾಲ ಉಳಿಯಲಿಲ್ಲ. ಸೋದರಿ ಜೆರಾಲ್ಡೀನ್, ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನ ಮುಖ್ಯಸ್ಥೆ ಡೊರೊಥಿಯಾ ಬೀಲ್ ಮುಂತಾದವರೊಡನೆ ಅವರು ನಡೆಸಿದ ಪತ್ರವ್ಯವಹಾರವು 1977ರಲ್ಲಿ ಮುಂಬಯಿಯಲ್ಲಿ ಪ್ರಕಟವಾಗಿದೆ. ಭಾರತೀಯ ಸ್ತ್ರೀಯೊಬ್ಬಳು ಅಷ್ಟು ಹಿಂದೆ ನಡೆಸಿದ ಇಂಥ ವಾದ ಬೇರೊಂದಿಲ್ಲವೆನ್ನಬಹುದು. ಸೋದರಿಯ ನಿಲುವು ಸ್ಪಷ್ಟ: ಬೈಬಲನ್ನು ಸಭೆಯ ಪರಂಪರೆಯೊಳಗೆ, ಸಭೆಯ ಹಿರಿಯರು ಹೇಳಿಕೊಟ್ಟಂತೆ ಓದತಕ್ಕದ್ದು, ಒಂಟಿಯಾಗಿ ಓದುವವನು ಎಡವುತ್ತಾನೆ. ರಮಾಬಾಯಿಯವರು ತ್ರ್ಯೇಕತ್ವವನ್ನೂ ಅಥನೇಸಿಯಸನ ವಿಶ್ವಾಸಪ್ರಮಾಣವನ್ನೂ ಎತ್ತಿಕೊಂಡು, ಇವು ಸತ್ಯವೇದದಲ್ಲಿ ಎಲ್ಲಿವೆ ಎಂದು ಕೇಳಿದರು. ಭಾರತದ ಪುರೋಹಿತವರ್ಗದ ನೊಗದಿಂದ ಬಹು ಕಷ್ಟಪಟ್ಟು ಕುತ್ತಿಗೆಯನ್ನು ಬಿಡಿಸಿಕೊಂಡ ತಾವು ಅಂಥದೇ ಇನ್ನೊಂದು ನೊಗಕ್ಕೆ ಕೊರಳೊಡ್ಡಲಾರೆವೆಂದು ತಿಳಿಸಿದರು. ಧರಿಸುವ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇ ಏಕೆ, ಸಂಸ್ಕೃತವೇನು ಕಡಮೆ ಎಂದೂ ಕೇಳಿದರು. ಸಸ್ಯಾಹಾರವನ್ನೂ ಬಿಡಲಿಲ್ಲ. ತರುಣರಿಗೆ ಅವರು ಪಾಠ ಹೇಳುವುದು ತಕ್ಕುದಲ್ಲವೆಂದು ಮುಂಬಯಿಯ ಮತ್ತು ಲಾಹೋರಿನ ಬಿಷಪ್ಪರು ಆಕ್ಷೇಪಿಸಿದಾಗ ಬಂದ ಉತ್ತರವು ಎಲ್ಲಕ್ಕಿಂತ ಹರಿತವಾದುದು: ತಮ್ಮ ತಂದೆಯಾಗಲಿ ಗಂಡನಾಗಲಿ ಹೆಂಗಸರು ತರುಣರಿಗೆ ಕಲಿಸುವುದನ್ನು ತಡೆದಿರಲಿಲ್ಲ, ಇಂಗ್ಲಿಷರು ತಡೆಯುತ್ತಿರುವುದು ಆಶ್ಚರ್ಯ!

ಸೋದರಿ ಜೆರಾಲ್ಡೀನಳಿಗೆ ಅನ್ಯಾಯ ಮಾಡಬಾರದು. ಆಕೆಯ ಪ್ರೀತಿ ನಿಜವಾದದ್ದು, ಪತ್ರಗಳನ್ನು ಜೋಪಾನಮಾಡಿ ಒಟ್ಟುಗೂಡಿಸಿದವಳೂ ಆಕೆಯೇ. ಆದರೆ ರಮಾಬಾಯಿಯವರ ಪಾಲಿಗೆ ಸತ್ಯವೇದವನ್ನು ನೆಚ್ಚುವುದೆಂದರೆ, ಗ್ರಂಥಕ್ಕೂ ತಮಗೂ ನಡುವೆ ನಿಲ್ಲುವವರನ್ನು ಪಕ್ಕಕ್ಕೆ ಸರಿಯಿರಿ ಎನ್ನುವುದೇ ಆಗಿತ್ತು. ಬಿಷಪ್ಪನಾದರೂ ಅಷ್ಟೆ, ಶಾಸ್ತ್ರಿಯಾದರೂ ಅಷ್ಟೆ.

ಅಮೆರಿಕೆಯಲ್ಲಿ ಎರಡು ವರ್ಷ ಕಳೆದು, ಬಾಸ್ಟನ್ನಿನಲ್ಲಿ ಸ್ಥಾಪಿತವಾದ ರಮಾಬಾಯಿ ಸಂಘದಿಂದ ಹತ್ತು ವರ್ಷಗಳ ಧನಸಹಾಯದ ವಚನವನ್ನು ಪಡೆದು ಅವರು ಹಿಂದಿರುಗಿದರು. 1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯ ಬಳಿ ಶಾರದಾ ಸದನವು ಆರಂಭವಾಯಿತು. ಎಳೆಯ ವಿಧವೆಯರಿಗೆ ಊಟ, ವಸತಿ, ವಿದ್ಯೆ, ಜಾತಿನಿಯಮಗಳಿಗೆ ಭಂಗವಿಲ್ಲ, ಮತಬೋಧೆಯಿಲ್ಲ ಎಂಬ ಕರಾರು. ಮುಂದೆ ಧೋಂಡೋ ಕೇಶವ ಕರ್ವೆಯವರ ಕೈಹಿಡಿದ ಗೋದೂಬಾಯಿ ಇಲ್ಲಿಯ ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರು. ಮುಂಬಯಿಯ ಖರ್ಚನ್ನು ತಡೆಯಲಾರದೆ 1890ರಲ್ಲಿ ಸದನವು ಪುಣೆಗೆ ಹೋಯಿತು.

ಕರಾರಿನ ಮಾತು ಇಲ್ಲಿ ಮುಖ್ಯವಾಗುತ್ತದೆ. ರಮಾಬಾಯಿಯವರು ಬೆಳಗ್ಗೆ ಮಗಳನ್ನು ಕೂರಿಸಿಕೊಂಡು ಸತ್ಯವೇದವನ್ನು ಓದಿ ಪ್ರಾರ್ಥಿಸುವರು. ಕೋಣೆಯ ಬಾಗಿಲು ತೆರೆದಿರುವುದು. ಯಾರನ್ನೂ ಕರೆಯಲಿಲ್ಲ, ಬಂದವರನ್ನು ಹೋಗೆನ್ನಲೂ ಇಲ್ಲ. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಕುಳಿತರು. ಟಿಳಕರ ‘ಕೇಸರಿ’ ಗುಡುಗಿತು. 1893ರಲ್ಲಿ ರಾನಡೆ, ಭಾಂಡಾರಕರರಂಥ ಹಿತೈಷಿಗಳೇ ಸಲಹಾಮಂಡಲಿಗೆ ರಾಜೀನಾಮೆಯಿತ್ತರು. ಅನೇಕ ಹುಡುಗಿಯರನ್ನು ಮನೆಯವರು ಬಿಡಿಸಿಕೊಂಡು ಹೋದರು. ತನ್ನ ಮನೆಯಲ್ಲಿ ತನ್ನ ದೇವರನ್ನು ಪ್ರಾರ್ಥಿಸುವಾಗ ಬಾಗಿಲು ಹಾಕಿಕೊಳ್ಳಬೇಕೆ ಎಂಬ ಅವರ ಪ್ರಶ್ನೆ ನ್ಯಾಯವಾದದ್ದು. ಆದರೆ ಅನ್ನವನ್ನೂ ಆಸರೆಯನ್ನೂ ಕೊಟ್ಟ ತಾಯಿಯ ಬಾಗಿಲು ತೆರೆದಿದ್ದರೆ ಹನ್ನೆರಡು ವರ್ಷದ ವಿಧವೆಗೆ ಅದು ಕರೆಯಂತೆಯೇ ಕೇಳಿಸುವುದಲ್ಲವೆ? ಮಕ್ಕಳನ್ನು ನಂಬಿ ಒಪ್ಪಿಸಿದವರಿಗೆ ಈ ಸಂದೇಹ ಬಂದದ್ದರಲ್ಲಿ ಅಸಹಜವಾದದ್ದೇನೂ ಇಲ್ಲ. ರಾನಡೆ, ಭಾಂಡಾರಕರರ ನಡತೆಯನ್ನು ಬರಿಯ ಅಳುಕು ಎಂದು ತಳ್ಳಿಹಾಕುವ ಚರಿತ್ರಕಾರರು ಕರಾರಿಗೆ ಕೊಡಬೇಕಾದ ಬೆಲೆಯನ್ನು ಕೊಡುವುದಿಲ್ಲ.

1891ರ ಸುಮಾರಿಗೆ ಅವರಲ್ಲಿ ಇನ್ನೊಂದು ಬದಲಾವಣೆಯಾಯಿತು. ಕ್ರೈಸ್ತಮತವನ್ನು ಕಂಡುಕೊಂಡಿದ್ದೆ, ಕ್ರಿಸ್ತನನ್ನು ಕಂಡುಕೊಂಡಿರಲಿಲ್ಲ ಎಂಬರ್ಥದ ಮಾತನ್ನು ಅವರೇ ಬರೆದಿದ್ದಾರೆ. ವಾದಕ್ಕೆ ಆಧಾರವಾಗಿದ್ದ ಗ್ರಂಥ ಈಗ ಬಾಳಿಗೆ ಆಧಾರವಾಯಿತು. 1896-97ರ ಬರಗಾಲದಲ್ಲಿ ಮಧ್ಯಪ್ರಾಂತದಿಂದ ಹಸಿದ ಹುಡುಗಿಯರನ್ನು ಕರೆತಂದು ಕೇಡಗಾಂವದ ಜಮೀನಿನಲ್ಲಿ ನೆಲೆಗೊಳಿಸಿದರು. ಮುಕ್ತಿ ಸದನ ಬೆಳೆಯಿತು. ರಾಯಚೂರಿನಲ್ಲಿ ತಾಯಿಯನ್ನು ಕಳೆದುಕೊಂಡವರಿಗೆ ಬರಗಾಲವೆಂದರೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೇಸಾಯ, ನೇಯ್ಗೆ, ಎಣ್ಣೆಯ ಗಾಣ, ಮುದ್ರಣ, ಕುರುಡರಿಗೆ ಬ್ರೈಲ್ ಲಿಪಿಯ ಪಾಠ, ಇವುಗಳಲ್ಲಿ ಸಾವಿರಕ್ಕೂ ಮಿಕ್ಕಿದ ಹೆಂಗಸರು ತೊಡಗಿದ್ದರು. 1912ರ ಸುಮಾರಿಗೆ ಕಲಬುರ್ಗಿಯಲ್ಲಿಯೂ ಶಾಲೆಯೊಂದನ್ನು ತೆರೆದು ಮನೋರಮೆಗೆ ವಹಿಸಿದರು.

ಪ್ರಶ್ನಿಸುವ ರಮಾಬಾಯಿ ಇಲ್ಲಿ ಮರೆಯಾದರೆಂದು ಕೆಲವು ವಿಮರ್ಶಕರ ಅಭಿಪ್ರಾಯ. ಭಾಷಾಂತರವನ್ನು ಗಮನಿಸಿದರೆ ಹಾಗೆ ಹೇಳಲಾಗುವುದಿಲ್ಲ. ಆಗ ಬಳಕೆಯಲ್ಲಿದ್ದ ಮರಾಠಿ ಬೈಬಲಿನ ಸಂಸ್ಕೃತ, ಪಾರಸೀ ಪದಗಳು ಹೊಸದಾಗಿ ಅಕ್ಷರ ಕಲಿತ ಹಳ್ಳಿಯ ಹೆಂಗಸಿನ ನಾಲಗೆಗೆ ಬಾರದವು. ದಿನವೂ ನೆಚ್ಚಬೇಕಾದ ಗ್ರಂಥವನ್ನು ಇನ್ನೊಬ್ಬರು ಅರ್ಥಹೇಳಿ ತಿಳಿಸಬೇಕಾದರೆ ಅಲ್ಲಿ ಮತ್ತೆ ಪುರೋಹಿತನೊಬ್ಬನು ಹುಟ್ಟಿದನೆಂದೇ ಅರ್ಥ. ವಾಂಟೇಜಿನಲ್ಲಿ ತಮಗಾಗಿ ಕೇಳಿದ ಹಕ್ಕನ್ನು ಕೇಡಗಾಂವದಲ್ಲಿ ಅವರು ಅಡಿಗೆಮನೆಯ ಹೆಂಗಸಿಗಾಗಿ ಕೇಳಿದರು.

ಕನ್ನಡದಲ್ಲಿಯೂ ಈ ತೊಡಕು ಇದ್ದಿತು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮುಂತಾದವರ ಶ್ರಮದಿಂದ 1831ರಲ್ಲಿ ಕನ್ನಡ ಬೈಬಲು ಪೂರ್ಣವಾಯಿತು. ಅದರ ಭಾಷೆ ಸಾಲದೆಂದು ಬಾಸೆಲ್ ಮಿಶನ್ನಿನ ವೈಗಲ್, ಮೋಗ್ಲಿಂಗ್ ಮೊದಲಾದವರು ಪರಿಷ್ಕರಣಕ್ಕೆ ಕೈಹಾಕಿದರು. ಆದರೆ ಅಲ್ಲಿ ತಿದ್ದಿದವರು ಪರದೇಶದ ಪಾದ್ರಿಗಳು ಮತ್ತು ಅವರಿಗೆ ನೆರವಾದ ಮುನ್ಷಿಗಳು. ಇಡಿಯ ಬೈಬಲನ್ನು ಒಬ್ಬ ಸ್ತ್ರೀಯೇ ಭಾಷಾಂತರಿಸಿದುದಕ್ಕೆ ಅಮೆರಿಕದ ಜೂಲಿಯಾ ಸ್ಮಿತ್ 1876ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಬೈಬಲು ಪೂರ್ವನಿದರ್ಶನ, ಭಾರತದಲ್ಲಿ ರಮಾಬಾಯಿಯವರದೇ.

ಅದು ಸರ್ವಾಂಗಸುಂದರವಾದ ಭಾಷಾಂತರವೆಂದು ಹೇಳಬೇಕಾಗಿಲ್ಲ. ಮೂಲದ ಪದಕ್ಕೆ ಪದ ಹೊಂದಿಸುವ ನಿಷ್ಠೆಯಿಂದ ವಾಕ್ಯಗಳು ಹಲವೆಡೆ ಬಿಗಿದುಕೊಂಡಿವೆ. ಮರಾಠಿ ಸಭೆಗಳಲ್ಲಿ ಬೈಬಲ್ ಸೊಸೈಟಿಯ ಪಾಠವೇ ನಿಂತಿತು. 1921ರ ಜುಲೈಯಲ್ಲಿ ಮನೋರಮೆ ತಾಯಿಗಿಂತ ಮೊದಲೇ ತೀರಿಕೊಂಡರು. ರಮಾಬಾಯಿಯವರು ಕಡೆಯ ದಿನಗಳವರೆಗೂ ಪ್ರೂಫುಗಳನ್ನು ತಿದ್ದುತ್ತಿದ್ದು 1922ರ ಏಪ್ರಿಲ್ 5ರಂದು ನಿಧನಹೊಂದಿದರು. ಪುಸ್ತಕವು ಮುಕ್ತಿ ಸದನದ ಮುದ್ರಣಾಲಯದಿಂದ 1924ರಲ್ಲಿ ಹೊರಬಂದಿತು. ಅದರ ಮೊಳೆಗಳನ್ನು ಜೋಡಿಸಿದವರಲ್ಲಿ ಹಲವರು ಕೇಡಗಾಂವದಲ್ಲಿ ಗಾಡಿಯಿಂದ ಇಳಿದ ದಿನ ಒಂದಕ್ಷರವನ್ನೂ ಬಲ್ಲವರಾಗಿರಲಿಲ್ಲ.